ಐವತ್ತು ಸಾವಿರದ ಬೆನ್ನುಚೀಲ

ಬೆನ್ನಿಗೆ ಹಾಕಿಕೊಳ್ಳುವ ಒಂದು ಖಾಲಿ ಚೀಲಕ್ಕೆ ಐವತ್ತು ಸಾವಿರ ರೂಪಾಯಿ ಎಂದರೆ ನಮ್ಮಲ್ಲಿ ಯಾರೂ ನಂಬಲಿಕ್ಕಿಲ್ಲ. ಜಿಪ್ಪು ಚಿನ್ನದ್ದೇ ಎಂದು ಕೇಳಿಯಾರು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದ ಆರು ತಿಂಗಳಲ್ಲಿ ಮೂರು ವಾರ ಇಂಥದೊಂದು ಚೀಲದ ವಿಚಾರದಲ್ಲೇ ಕಳೆಯಿತು. ಕಾಡುಬೆಟ್ಟಗಳಲ್ಲಿ ದಿನಗಟ್ಟಲೆ ತಂಗಿ ಬೇಟೆಯಾಡುವವರು ಹೊರುವ ಚೀಲ ಅದು. ಬೆಲೆ 500 ಡಾಲರಿನಿಂದ 800 ಡಾಲರಿನವರೆಗೆ. ಜೀವಮಾನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಬೇರೆಯವರ ದುಡ್ಡು ಎಣಿಸಿದವನು ಇಂಥ ಬೆಲೆಚೀಟಿ ಕಂಡು ಸುಮ್ಮನಿರುವುದುಂಟೇ? ಏಕೆ ಇಷ್ಟು, ಯಾವುದಕ್ಕೆ ಇಷ್ಟು ಎಂದು ಬಿಡಿಸಿ ನೋಡಿದೆ.

ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಅಳಿಯ ಹೊರಗೆ ತಿನ್ನುತ್ತಾನೆ, ಮಗಳು ಕಂಡೂ ಕಾಣದ ಹಾಗೆ ಇರುತ್ತಾಳೆ. ಬೇಟೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಅಲ್ಲಿ ಅದು ಸರ್ಕಾರ ಪರವಾನಗಿ ಕೊಟ್ಟು, ಪ್ರಾಣಿಗಳ ಲೆಕ್ಕವಿಟ್ಟು ನಡೆಸುವ ವ್ಯವಹಾರ. 1949ರ ಜನವರಿ 1 ಅಥವಾ ಆನಂತರ ಹುಟ್ಟಿದವರು ಯಾರೇ ಆಗಲಿ, ಬೇಟೆಯ ಸುರಕ್ಷತೆಯ ಪ್ರಮಾಣಪತ್ರ ಪಡೆದರೆ ಮಾತ್ರ ಕೊಲೊರಾಡೊದಲ್ಲಿ ಪರವಾನಗಿ.

ಅಳಿಯ ಕೋವಿ ಹಿಡಿಯುವವನಲ್ಲ. ಅವನ ಕಚೇರಿಯಲ್ಲೊಬ್ಬರು ಅರುವತ್ತು ದಾಟಿದ ಹಿರಿಯರಿದ್ದಾರೆ. ಮಗಳು, ಅಳಿಯ ಆ ಊರಿಗೆ ಹೊಸದಾಗಿ ಬಂದ ವರ್ಷ ಹಿಮ ಸುರಿಯುತ್ತಿದ್ದಾಗ ತಮ್ಮ ಟ್ರಕ್ಕಿನಲ್ಲಿ ಸಾಮಾನೆಲ್ಲ ಸಾಗಿಸಿಕೊಟ್ಟವರು. ಅವರಿಗೆ ಆ ವರ್ಷ ಎಲ್ಕ್ ಎಂಬ ದೊಡ್ಡ ಜಿಂಕೆಯ ಪರವಾನಗಿ ಲಾಟರಿಯಲ್ಲಿ ಬಂದಿತ್ತು. ಪ್ರತಿಸಲ ಜೊತೆಗೆ ಹೋಗುತ್ತಿದ್ದ ಅವರ ತಮ್ಮನಿಗೆ ಮಂಡಿನೋವು. "ನೀನು ಗುಂಡು ಹಾರಿಸುವುದು ಬೇಡ, ಹೊರುವುದಕ್ಕೆ ಬಾ" ಎಂದು ಅಳಿಯನನ್ನು ಕೇಳಿದರು. ಅವನು ಒಪ್ಪಿಬಿಟ್ಟ. ಮಗಳು ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ಅವನ ಬೆನ್ನಿನ ಡಿಸ್ಕ್ ಜಾರಿ ಒಂದೂವರೆ ತಿಂಗಳು ಮಲಗಿದ್ದ. "ಅಪ್ಪ, ನೀವಾದರೂ ಹೇಳಿ. ಇಷ್ಟು ದುಡ್ಡು ಸುರಿದು ಬೆನ್ನು ಮುರಿದುಕೊಂಡು ಬರಬೇಕಾ?" ಎಂದಳು. ವೈದ್ಯರು ಪರೀಕ್ಷೆ ಮಾಡಿ, ಹೋಗಬಹುದು ಎಂದರು. ಷರತ್ತು ಎರಡು: ಹೊರೆ 25 ಕಿಲೋ ದಾಟಬಾರದು, ಅದರ ಭಾರ ಸೊಂಟದ ಮೇಲೆ ಬೀಳಬೇಕು, ಬೆನ್ನಿನ ಮೇಲಲ್ಲ. ಎರಡನೆಯ ಷರತ್ತು ಪಾಲಿಸುವುದು ಮನುಷ್ಯನ ಕೈಯಲ್ಲಿಲ್ಲ, ಚೀಲದ ಕೈಯಲ್ಲಿದೆ. ಹಾಗಾಗಿ ನಮ್ಮ ಮನೆಯಲ್ಲಿ ಚೀಲದ ಪ್ರಶ್ನೆ ಶೋಕಿಯ ಪ್ರಶ್ನೆಯಾಗಿರಲಿಲ್ಲ.

ಎಲ್ಕ್ ಎಂದರೆ ಎಷ್ಟು ದೊಡ್ಡದು ಎಂದು ತಿಳಿದರೆ ಚೀಲದ ಅರ್ಧ ಕಥೆ ತಿಳಿದ ಹಾಗೆ. ನಮ್ಮ ಕಡವೆಗಿಂತಲೂ ದೊಡ್ಡ ಮೈ. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಚರ್ಮ, ಮೂಳೆ, ಕರುಳು ಎಲ್ಲ ಬಿಟ್ಟು ಬರೀ ಮಾಂಸ ಬಿಡಿಸಿದರೂ 80ರಿಂದ 100 ಕಿಲೋ. ಇದನ್ನು ಕಾಡಿನಲ್ಲಿ ಬಿಟ್ಟು ಕೊಂಬು ಮಾತ್ರ ಎತ್ತಿಕೊಂಡು ಬರುವಂತಿಲ್ಲ. ನಾಲ್ಕೂ ಕಾಲಿನ ಭಾಗ, ಬೆನ್ನಿನ ಮಾಂಸ ಎಲ್ಲ ಹೊತ್ತು ತರಲೇಬೇಕೆಂಬ ಕಾನೂನಿದೆ, ತಪ್ಪಿದರೆ ಗಂಭೀರ ಅಪರಾಧ. ತಂದದ್ದನ್ನು ಮಾರುವಂತೆಯೂ ಇಲ್ಲ. ಮನೆಯವರು, ಸ್ನೇಹಿತರು ಹಂಚಿಕೊಂಡು ತಿನ್ನಬೇಕು.

ಇನ್ನು ದಾರಿ. ಕಾಯ್ದಿಟ್ಟ ನಿರ್ಜನ ಅರಣ್ಯಗಳಿಗೆ 1964ರ ಕಾಯ್ದೆಯ ಪ್ರಕಾರ ಯಂತ್ರವಾಹನ ಬರುವಂತಿಲ್ಲ, ಸೈಕಲ್ ಕೂಡ ಇಲ್ಲ. ಕುದುರೆ, ಹೇಸರಗತ್ತೆ ಇದ್ದವರು ಅವುಗಳ ಮೇಲೆ ತರುತ್ತಾರೆ. ಇಲ್ಲದವರಿಗೆ ಸ್ವಂತ ಬೆನ್ನೇ ಗತಿ. ಎತ್ತರವೋ, 9,000ದಿಂದ 11,000 ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 6,330 ಅಡಿ ಎಂದು ನೆನಪಿಟ್ಟುಕೊಂಡರೆ ಅಲ್ಲಿ ಬರಿಗೈಯಲ್ಲಿ ನಡೆದರೂ ಏದುಸಿರು ಬರುವುದು ಅರ್ಥವಾಗುತ್ತದೆ.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮಾಂಸ 90 ಕಿಲೋ, ಇಬ್ಬರು ಜನ, ತಲಾ 22–23 ಕಿಲೋದಂತೆ ನಾಲ್ಕು ಹೊರೆ. ಪ್ರಾಣಿ ಬಿದ್ದ ಜಾಗದಿಂದ ರಸ್ತೆಗೆ 4 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಂದು ಹೊರೆ ಹೊತ್ತು 4 ಕಿ.ಮೀ., ಖಾಲಿ ವಾಪಸು 4, ಮತ್ತೆ ಹೊತ್ತು 4. ಒಬ್ಬೊಬ್ಬರಿಗೆ 12 ಕಿ.ಮೀ., ಅದರಲ್ಲಿ 8 ಭಾರ ಹೊತ್ತು. ಅದೂ ಮಾಂಸ ಕೆಡುವ ಮೊದಲು, ಕರಡಿಗೆ ವಾಸನೆ ಹತ್ತುವ ಮೊದಲು. ಅಂದರೆ ಈ ಚೀಲವನ್ನು ಹೋಗುವಾಗಿನ ಟೆಂಟು, ರೊಟ್ಟಿ, ನೀರಿನ ಲೆಕ್ಕದಲ್ಲಿ ಕೊಳ್ಳುವ ಹಾಗಿಲ್ಲ. ಬರುವಾಗಿನ ಭಾರದ ಲೆಕ್ಕದಲ್ಲಿ ಕೊಳ್ಳಬೇಕು. ಬೇಟೆಯೇ ಸಿಗದ ವರ್ಷಗಳಲ್ಲಿ ಆ ಭಾರ ಬರುವುದೂ ಇಲ್ಲ. ಬಂದ ದಿನ ಮಾತ್ರ ಬೇರೆ ಯಾವ ಚೀಲವೂ ಸಾಲದು.

ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ಮನೆಗಳು ನಮ್ಮಲ್ಲಿ ಬಹಳ. ಹಳೆಯ ಕಾಲದ ಶಿಕಾರಿ ಎಂದರೆ ನಮ್ಮ ಕಣ್ಣಿಗೆ ಬರುವುದು ಕೋವಿ, ಮಚಾನು, ಟಾರ್ಚು. ರಾಜರ, ದೊರೆಗಳ ಶಿಕಾರಿಯಲ್ಲಿ ಸಾಮಾನು ಹೊತ್ತವರು ಯಾರು ಎಂದು ನಾವು ಕೇಳಿದವರಲ್ಲ. ಹೊರುವವರಿಗೇನು, ಊರಿಗೆ ಊರೇ ಇತ್ತು. ಈ ಅಮೆರಿಕದವರು ತಮ್ಮದನ್ನು ತಾವೇ ಹೊರುತ್ತಾರೆ. ಹಾಗಾಗಿಯೇ ಹೊರುವ ಚೀಲದ ಬಗ್ಗೆ ಅಲ್ಲಿ ಇಷ್ಟು ತಲೆ ಓಡಿದೆ ಎಂದು ನನಗನ್ನಿಸುತ್ತದೆ.

ತಲೆ ಓಡಿದ್ದು ಹೇಗೆ ಎಂಬುದೂ ಸ್ವಾರಸ್ಯದ ಸಂಗತಿ. ನಾರ್ವೆಯ ಓಲೆ ಬರ್ಗನ್ ಎಂಬಾತ 1908ರಲ್ಲಿ ಬೇಟೆಗೆ ಹೋದಾಗ ಜೋತಾಡುವ ಬಟ್ಟೆಚೀಲದ ಕಾಟ ತಡೆಯಲಾರದೆ ಜುನಿಪರ್ ಮರದ ಕೊಂಬೆಯನ್ನು ತನ್ನ ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲಕ್ಕೆ ಚೌಕಟ್ಟು ಮಾಡಿದನಂತೆ. ಮರುವರ್ಷ ಅದಕ್ಕೆ ಪೇಟೆಂಟ್ ಪಡೆದ. ಬ್ರಿಟಿಷ್ ಸೈನಿಕರು ಈಗಲೂ ತಮ್ಮ ಬೆನ್ನುಚೀಲವನ್ನು ಬರ್ಗನ್ ಎಂದೇ ಕರೆಯುತ್ತಾರೆ. ಆಮೇಲೆ 1952ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್ ಊರಿನಲ್ಲಿ ಡಿಕ್ ಕೆಲ್ಟಿ ಎಂಬವರು ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ ಚೌಕಟ್ಟು ಮಾಡಿದರು, ಹೆಂಡತಿ ನೀನಾ ಮನೆಯಲ್ಲೇ ಕೂತು ಚೀಲ ಹೊಲಿದರು. ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದರೆ ಭುಜ ಹಗುರಾಗುವುದನ್ನು ಕಂಡು, ಭಾರ ಸೊಂಟಕ್ಕೆ ಇಳಿಸುವ ಪಟ್ಟಿಯ ಉಪಾಯ ಹೊಳೆಯಿತು ಎನ್ನುತ್ತಾರೆ. 1963ರಲ್ಲಿ ಎವರೆಸ್ಟ್ ಹತ್ತಿದ ಅಮೆರಿಕದ ತಂಡ ಕೆಲ್ಟಿಯವರ ಚೀಲಗಳನ್ನೇ ಹೊತ್ತಿತ್ತು.

ಸೊಂಟದ ಈ ಗುಟ್ಟು ನಮ್ಮ ಹೆಂಗಸರಿಗೆ ಯಾವ ಪೇಟೆಂಟೂ ಇಲ್ಲದೆ ಗೊತ್ತಿತ್ತು. ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಒಂದು ಕೈಯಲ್ಲಿ ಒಲೆ ಊದುವವರು ಎಷ್ಟು ಜನ! ಮಗುವನ್ನು ಅಷ್ಟೇ ಹೊತ್ತು ಭುಜಕ್ಕೆ ಕಟ್ಟಿ ನೇತುಹಾಕಿಕೊಂಡರೆ ಕುತ್ತಿಗೆ ಹಿಡಿದುಬಿಡುತ್ತದೆ. ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತು ನೋಡಿ. ಕೈಗೆ ಗಟ್ಟಿಯಾಗಿ ತಗಲುವ ಮೂಳೆಯ ಅಂಚಿದೆಯಲ್ಲ, ಅದೇ ಭಾರ ಕೂರಬೇಕಾದ ಜಗಲಿ. ಅಲ್ಲಿಂದ ಭಾರ ನೇರ ಕಾಲಿಗೆ ಇಳಿಯುತ್ತದೆ. ಬೆನ್ನುಮೂಳೆಗೂ ಭುಜಕ್ಕೂ ಉಳಿಯುವುದು ಚೀಲ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುವ ಕೆಲಸ.

ದುಬಾರಿ ಚೀಲದಲ್ಲಿ ನಾವು ದುಡ್ಡು ಕೊಡುವುದು ಮುಖ್ಯವಾಗಿ ಈ ಒಂದು ಕೆಲಸಕ್ಕೆ. ಬಾಗದ ಚೌಕಟ್ಟು ಇರಬೇಕು, ಇಲ್ಲವಾದರೆ ಭಾರ ಸೊಂಟದವರೆಗೆ ಇಳಿಯುವುದೇ ಇಲ್ಲ, ನಡುವೆಯೇ ಕುಸಿದು ಭುಜ ಎಳೆಯುತ್ತದೆ. ಚೌಕಟ್ಟಿನ ತುದಿ ಭುಜಕ್ಕಿಂತ ಮೇಲೆ ಹೋಗಬೇಕು. ಅಲ್ಲಿಂದ ಭುಜದ ಪಟ್ಟಿಗೆ ಓರೆಯಾಗಿ ಬರುವ ಎರಡು ಸಣ್ಣ ಪಟ್ಟಿಗಳನ್ನು ಎಳೆದರೆ ಭಾರ ಭುಜದಿಂದ ಎದ್ದು ಬೆನ್ನಿಗೆ ಹತ್ತಿರವಾಗುತ್ತದೆ. ಸೊಂಟದ ಪಟ್ಟಿ ದಪ್ಪಗಿದ್ದರೆ ಸಾಲದು, ಬಿರುಸಾಗಿರಬೇಕು. ಮೆತ್ತಗಿನ ಸ್ಪಂಜು ಅಂಗಡಿಯಲ್ಲಿ ಸುಖ, ಬೆಟ್ಟದಲ್ಲಿ ಮಡಿಚಿಕೊಂಡು ಕೆಳಗೆ ಜಾರುತ್ತದೆ.

ಬೇಟೆಯ ಚೀಲಕ್ಕೇ ವಿಶೇಷವಾದದ್ದು ಇನ್ನೊಂದಿದೆ. ಚೀಲವನ್ನು ಚೌಕಟ್ಟಿನಿಂದ ಸ್ವಲ್ಪ ಬಿಡಿಸಬಹುದು. ನಡುವೆ ಒಂದು ಕಪಾಟಿನಂಥ ಜಾಗ ತೆರೆದುಕೊಳ್ಳುತ್ತದೆ. ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿದ ಮಾಂಸವನ್ನು ಅಲ್ಲಿಟ್ಟು ಪಟ್ಟಿಗಳಿಂದ ಬಿಗಿದರೆ ಒಳಗಿನ ಬಟ್ಟೆ, ಹಾಸಿಗೆಗೆ ರಕ್ತ ತಾಗದು. ಅದಕ್ಕಿಂತ ಮುಖ್ಯ, ಎಲ್ಲಕ್ಕಿಂತ ಭಾರದ ವಸ್ತು ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಒಂದು ಕೊಡ ನೀರನ್ನು ಎದೆಗೆ ಅಪ್ಪಿಕೊಂಡು ನಡೆಯುವುದಕ್ಕೂ ಕೈ ಚಾಚಿ ಹಿಡಿದುಕೊಂಡು ನಡೆಯುವುದಕ್ಕೂ ಇರುವ ವ್ಯತ್ಯಾಸವೇ ಇದು.

ಇಲ್ಲಿ ಮಕ್ಕಳಿಗೊಂದು ಮಾತು. ನಿಮ್ಮ ಶಾಲೆಯ ಚೀಲಕ್ಕೆ ಚೌಕಟ್ಟೂ ಇಲ್ಲ, ಸೊಂಟದ ಪಟ್ಟಿಯೂ ಇಲ್ಲ. ಇಡೀ ಭಾರ ಭುಜದ ಮೇಲೆಯೇ. ಅದಕ್ಕೇ ಕೇಂದ್ರದ 2020ರ ಶಾಲಾ ಚೀಲ ನೀತಿ ದೇಹತೂಕದ ಶೇಕಡಾ 10ರಷ್ಟು ಮಿತಿ ಹೇಳಿದೆ. 30 ಕಿಲೋ ತೂಗುವವರು 3 ಕಿಲೋಗಿಂತ ಹೆಚ್ಚು ಹೊರಬಾರದು. ಮನೆಯ ತಕ್ಕಡಿಯಲ್ಲಿ ಈಗಲೇ ತೂಗಿ ನೋಡಿ. ದಪ್ಪ ಪುಸ್ತಕ ಬೆನ್ನಿನ ಪಕ್ಕಕ್ಕೆ, ಹಗುರವಾದದ್ದು ಹೊರಗಡೆಗೆ. ಚೀಲ ಹಿಂದೆ ಜೋತಾಡುವಂತೆ ಪಟ್ಟಿ ಸಡಿಲ ಬಿಡುವುದು ಈಗಿನ ಫ್ಯಾಷನ್ ಇರಬಹುದು, ಬೆನ್ನಿಗೆ ಫ್ಯಾಷನ್ ಗೊತ್ತಿಲ್ಲ.

ಅಂಗಡಿಯಲ್ಲಿ ಮೊದಲು ಅಳೆದದ್ದು ಅಳಿಯನ ಎತ್ತರವನ್ನಲ್ಲ, ಅವನ ಮುಂಡದ ಉದ್ದವನ್ನು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಆಗ ಹೇಳಿದ ಸೊಂಟದ ಅಂಚಿನ ಮಟ್ಟದವರೆಗೆ ಬೆನ್ನ ಮೇಲೆ ಟೇಪು ಹಿಡಿದರು. ಐದಡಿ ಹತ್ತಂಗುಲದ ಅಳಿಯನಿಗೆ 18 ಅಂಗುಲ. ಅವನಿಗಿಂತ ಗಿಡ್ಡ ಇರುವ ಹಿರಿಯ ಸಹೋದ್ಯೋಗಿಗೆ ಹತ್ತೊಂಬತ್ತೂವರೆ! ಎತ್ತರ ಕಾಲಿನಲ್ಲಿತ್ತು, ಬೆನ್ನಿನಲ್ಲಲ್ಲ. ಎತ್ತರ ನೋಡಿ ಚೀಲ ಕೊಟ್ಟಿದ್ದರೆ ಇಬ್ಬರಿಗೂ ತಪ್ಪು ಅಳತೆ ಸಿಗುತ್ತಿತ್ತು. ಬೇರೆಯವರಿಗೆ ಚೆನ್ನಾಗಿದೆ ಎಂದ ಮಾತ್ರಕ್ಕೆ ನಮಗೂ ಆಗುತ್ತದೆ ಎಂಬುದು ಚಪ್ಪಲಿಯಲ್ಲಿ ಹೇಗೆ ಸುಳ್ಳೋ ಇಲ್ಲೂ ಹಾಗೆಯೇ.

ಮೂರು ಚೀಲ ಮನೆಗೆ ಬಂದವು. ಕೊಳಕು ಮಾಡದೆ ಮನೆಯೊಳಗೆ ಹಾಕಿ ನೋಡಿ ಹಿಂತಿರುಗಿಸಬಹುದೆಂಬ ಅನುಕೂಲ ಅಲ್ಲಿದೆ. ಒಂದು 200 ಡಾಲರಿನ ಸಾಧಾರಣ ಚಾರಣದ ಚೀಲ. ಎರಡನೆಯದು 230 ಡಾಲರಿನದು, ಎಲೆಯ ಚಿತ್ತಾರ, ಎಣಿಸಲಾಗದಷ್ಟು ಜೇಬು. ಮೂರನೆಯದು 640 ಡಾಲರ್. ಅಂಗಡಿಯಲ್ಲಿ ಮರಳಿನ ಮೂಟೆ ತುಂಬಿ ತೋರಿಸಿದ್ದರು. ನಮ್ಮ ಮನೆಯಲ್ಲಿ ಮರಳೆಲ್ಲಿ? 20 ಪೌಂಡಿನ ಸೋನಾ ಮಸೂರಿ ಎರಡು, 10 ಪೌಂಡಿನ ತೊಗರಿಬೇಳೆ ಒಂದು, ಒಟ್ಟು 50 ಪೌಂಡ್, ಅಂದರೆ ಸುಮಾರು 23 ಕಿಲೋ. ಅಳಿಯ ಅದನ್ನು ಹೊತ್ತು ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇಳಿದ. ನಾನು ಗಡಿಯಾರ ಹಿಡಿದು ಕೂತೆ. ಆರು ವರ್ಷದ ಮೊಮ್ಮಗ ಸುತ್ತು ಎಣಿಸಿದ.

ಪರೀಕ್ಷೆಗೆ ಒಂದು ಬೆರಳು ಸಾಕು. ಹೊತ್ತವನ ಭುಜಕ್ಕೂ ಪಟ್ಟಿಗೂ ನಡುವೆ ಬೆರಳು ತೂರಿಸಬೇಕು. ಸಲೀಸಾಗಿ ಹೋದರೆ ಭಾರ ಸೊಂಟದಲ್ಲಿದೆ, ಬೆರಳು ಸಿಕ್ಕಿಕೊಂಡರೆ ಭುಜದಲ್ಲಿದೆ. ಚಿತ್ತಾರದ ಚೀಲ ಹತ್ತು ನಿಮಿಷಕ್ಕೇ ಸೋತಿತು. ಚಾರಣದ ಚೀಲ 15–18 ಕಿಲೋವರೆಗೆ ಒಳ್ಳೆಯದೇ, ಆ ಕೆಲಸಕ್ಕೆ ನಾನು ಅದನ್ನೇ ಕೊಳ್ಳಿ ಎನ್ನುವೆ. ಆದರೆ 23 ಕಿಲೋ ಹೊತ್ತಾಗ ಇಪ್ಪತ್ತನೆಯ ನಿಮಿಷಕ್ಕೆ ಸೊಂಟದ ಪಟ್ಟಿ ಜಾರಿ, ಅಳಿಯ ಭುಜ ಕುಣಿಸತೊಡಗಿದ. ಮೂರನೆಯದನ್ನು ಮುಕ್ಕಾಲು ಗಂಟೆ ಹೊತ್ತರೂ ಬೆರಳು ಆರಾಮವಾಗಿ ಓಡಾಡಿತು. ಮಗಳು ತಾನೇ ಬೆರಳಿಟ್ಟು ನೋಡಿ ಏನೂ ಹೇಳದೆ ಒಳಗೆ ಹೋದಳು. ಅದು ಅರ್ಧ ಒಪ್ಪಿಗೆ ಎಂದು ಮದುವೆಯಾದವರಿಗೆ ಗೊತ್ತಾಗುತ್ತದೆ.

ಬಟ್ಟೆಯ ಚೀಟಿಯಲ್ಲಿ 500 ಡೆನಿಯರ್ ನೈಲಾನ್ ಎಂದಿತ್ತು. ಅಳಿಯನಿಗೆ ಅದು ತಿಳಿಯಲಿಲ್ಲ, ಶಿಡ್ಲಘಟ್ಟದ ಶಾಖೆಯಲ್ಲಿ ರೇಷ್ಮೆ ನೂಲು ಬಿಚ್ಚುವವರ ಸಾಲದ ಕಡತ ನೋಡಿದ ನನಗೆ ತಿಳಿಯಿತು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸೀರೆಯ ರೇಷ್ಮೆ ಇಪ್ಪತ್ತರ ಆಸುಪಾಸು, ಇದು ಐನೂರು. ಬಂಡೆಗೆ ಉಜ್ಜಿದರೂ ಹರಿಯದು. ಅಳತೆಯನ್ನು ಅಲ್ಲಿ ಘನ ಅಂಗುಲದಲ್ಲಿ ಬರೆಯುತ್ತಾರೆ. 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 6,000 ಎಂದಿದ್ದರೆ 98 ಲೀಟರ್. ಇಷ್ಟು ದೊಡ್ಡದು ಬೇಡವೆಂದೆ. ಜಾಗ ಇದ್ದರೆ ಮನುಷ್ಯ ತುಂಬಿಸುತ್ತಾನೆ, ಮದುವೆಮನೆಗೆ ಹೊರಟ ಸೂಟ್‌ಕೇಸಿನ ಹಾಗೆ.

ಇನ್ನು ದುಡ್ಡು. 640 ಡಾಲರನ್ನು ಬಿಡಿಸಿ ನೋಡಿದಾಗ ಚೌಕಟ್ಟು, ಸೊಂಟದ ಪಟ್ಟಿ ಸೇರಿ 410, ಮೇಲಿನ ಚೀಲ 230. ಎರಡನ್ನೂ ಬೇರೆ ಬೇರೆ ಕೊಳ್ಳಬಹುದು. ಬೆನ್ನು ಕಾಯುವುದು 410ರ ಭಾಗ, ಉಳಿದದ್ದು ಬರೀ ಬಟ್ಟೆ. ನಾನು ಹೇಳಿದ್ದು ಇಷ್ಟೇ: "ಚೌಕಟ್ಟು ಹೊಸದು ತಗೋ, ಚೀಲ ಹಳೆಯದು ಹುಡುಕು." ಅಳಿಯ ಮೊದಲು, "ಮಾವ, ಅರ್ಧ ಹಳೇದು ಅರ್ಧ ಹೊಸದು ಚೆನ್ನಾಗಿರುತ್ತಾ?" ಎಂದ. ನಾಲ್ಕು ದಿನದಲ್ಲಿ ಅದೇ ತಯಾರಿಕೆಯ ಬಳಸಿದ ಚೀಲ 110 ಡಾಲರಿಗೆ ಸಿಕ್ಕಿತು, ಒಂದು ಕಡೆ ಸ್ವಲ್ಪ ಬಣ್ಣ ಮಾಸಿದ್ದು ಬಿಟ್ಟರೆ ಗಟ್ಟಿ. ಒಟ್ಟು 520. ಹಿಂದಿನ ಸಲ ಬೆನ್ನು ಹಿಡಿದಾಗ ವಿಮೆ ಕಳೆದು ಕೈಯಿಂದ ಕೊಟ್ಟದ್ದು 1,900 ಡಾಲರ್ ಎಂದು ಮಗಳ ಪುಸ್ತಕದಲ್ಲೇ ಬರೆದಿತ್ತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಅವಳ ಉಳಿದರ್ಧ ಒಪ್ಪಿಗೆಯೂ ಸಿಕ್ಕಿತು. ವರ್ಷಕ್ಕೊಮ್ಮೆಯೂ ಹೋಗದವರು ಬಾಡಿಗೆಗೆ ಸಿಗುವ ಕಡೆ ಬಾಡಿಗೆಗೆ ತರುವುದೇ ಜಾಣತನ. ಬೆನ್ನು ಗಟ್ಟಿ ಇದ್ದು, ರಸ್ತೆಯ ಪಕ್ಕದಲ್ಲೇ ಬೇಟೆಯಾಡುವವರಿಗೆ ಈ ಖರ್ಚು ಬೇಕಿಲ್ಲ.

ಇನ್ನೊಂದು 20 ಡಾಲರ್ ಖರ್ಚಿಗೆ ನಾನೇ ಒತ್ತಾಯ ಮಾಡಿದೆ. ಕೋವಿಯ ಬೇಟೆಯ ಋತುವಿನಲ್ಲಿ ಬೇಟೆಗಾರರು ದೂರಕ್ಕೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಸೊಂಟದಿಂದ ಮೇಲೆ ಕನಿಷ್ಠ 500 ಚದರ ಅಂಗುಲ ತೊಡಬೇಕು, ತಲೆಗೂ ಅದೇ ಬಣ್ಣದ ಟೋಪಿ. ಆದರೆ ದೊಡ್ಡ ಚೀಲ ಹೊತ್ತರೆ ಬೆನ್ನಿನ ಕಿತ್ತಳೆ ಮುಚ್ಚಿಹೋಗುತ್ತದೆ. ಮಣ್ಣುಬಣ್ಣದ ಹೊರೆ ಪೊದೆಯ ಹಿಂದೆ ಅಲುಗಾಡಿದರೆ ದೂರದಿಂದ ನೋಡಿದವರಿಗೆ ಏನೆಂದು ಕಂಡೀತು? ಚೀಲದ ಮೇಲೆಯೇ ಹೊದಿಸುವ ಕಿತ್ತಳೆ ಹೊದಿಕೆ ಕೊಂಡದ್ದಾಯಿತು.

ಕೊಲೊರಾಡೊದಲ್ಲಿ ಎಲ್ಕ್‌ನ ಮೊದಲ ರೈಫಲ್ ಋತು ಅಕ್ಟೋಬರ್ ಮಧ್ಯದಲ್ಲಿ, ಐದೇ ದಿನ. ಹೊರಡುವ ಮೊದಲು ಎರಡು ವಾರ ಅಳಿಯ ದಿನಾ ಸಂಜೆ ಅಕ್ಕಿಮೂಟೆ ಹೊತ್ತು ಬಡಾವಣೆ ಸುತ್ತಿದ. ಹೊಸ ಚೀಲವನ್ನು ನೇರ ಬೆಟ್ಟಕ್ಕೆ ಒಯ್ಯಬಾರದು, ಯಾವ ಪಟ್ಟಿ ಎಲ್ಲಿ ಉಜ್ಜುತ್ತದೆ ಎಂದು ಮನೆಯ ಹತ್ತಿರವೇ ತಿಳಿಯಬೇಕು. ಭಾರದ ಚೀಲವನ್ನು ನಿಂತು ಬೆನ್ನಿಗೆ ಎಸೆದುಕೊಳ್ಳುವ ಅಭ್ಯಾಸವನ್ನೂ ಹಿರಿಯರು ಬಿಡಿಸಿದರು. ಚೀಲ ನೆಲದ ಮೇಲಿರುವಾಗಲೇ ಅದಕ್ಕೆ ಒರಗಿ ಕೂತು, ಪಟ್ಟಿಗಳನ್ನು ಹಾಕಿಕೊಂಡು, ಮಂಡಿಯ ಮೇಲೆ ತಿರುಗಿ, ಕೋಲೂರಿ ಏಳಬೇಕು. ತೊರೆ ದಾಟುವಾಗ ಸೊಂಟದ, ಎದೆಯ ಬಕಲ್ ಬಿಚ್ಚಿರಬೇಕು. ಕಾಲು ಜಾರಿದರೆ ಚೀಲ ಬಿಟ್ಟು ಏಳಬಹುದು.

ಮೂರನೆಯ ದಿನ ಬೆಳಗಿನ ಜಾವ ಹಿರಿಯರಿಗೆ ಎಲ್ಕ್ ಸಿಕ್ಕಿತು. ಫೋನು ಸಿಗದ ಜಾಗ. ನಮಗೆ ಸುದ್ದಿ ಬಂದದ್ದು ರಾತ್ರಿ ಒಂಬತ್ತೂವರೆಗೆ, ಟ್ರಕ್ಕು ಪೇಟೆಗೆ ಇಳಿದ ಮೇಲೆ. ಅಲ್ಲಿಯವರೆಗೆ ಮಗಳು ಮೂರು ಸಲ ಅನ್ನ ಬಿಸಿ ಮಾಡಿದ್ದಳು. ಹೊರೆ ಅವಳು ಅಂದುಕೊಂಡದ್ದಕ್ಕಿಂತ ಒಂದು ಹೆಚ್ಚೇ ಆಗಿತ್ತಂತೆ: ಹಿರಿಯರಿಗೆ ಎರಡನೆಯ ಸಲ ಏದುಸಿರು ಹತ್ತಿ, ಭಾರವನ್ನು ಎರಡು ಮಾಡದೆ ಗತಿಯಿರಲಿಲ್ಲ. "25 ಕಿಲೋ ದಾಟಿಸಿದೆಯಾ?" ಎಂದು ಅವಳು ಕೇಳಿದ ಮೊದಲ ಪ್ರಶ್ನೆ. "ಇಲ್ಲ, ಒಂದು ಸುತ್ತು ಜಾಸ್ತಿ ನಡೆದೆ" ಎಂದ. ಮರುದಿನ ತೊಡೆ ಹಿಡಿದು ಮೆಟ್ಟಿಲು ಇಳಿಯಲಾರದೆ ಇಳಿದ. ಸೊಂಟದ ಮೂಳೆಯ ಮೇಲೆ ಎರಡು ಕಡೆ ಕೆಂಪು ಗೆರೆ. ಭುಜದ ಮೇಲೆ ಏನೂ ಇರಲಿಲ್ಲ. ಬಗ್ಗಿ ಬೂಟಿನ ಲಾಡಿ ಬಿಚ್ಚಿದ್ದನ್ನು ಮಗಳು ಬಾಗಿಲ ಬಳಿ ನಿಂತು ನೋಡಿದಳು.

ಅವನ ಪಾಲಿನ ಮಾಂಸ ಗ್ಯಾರೇಜಿನ ಪ್ರತ್ಯೇಕ ಫ್ರೀಜರಿಗೆ ಹೋಯಿತು. ಉಳಿದದ್ದು ಚೀಲ ತೊಳೆಯುವ ಕೆಲಸ. ಬಟ್ಟೆಯಿಂದ ಸೋರಿ ಚೌಕಟ್ಟಿನ ಪಟ್ಟಿಗೆ ರಕ್ತ ಹಿಡಿದಿತ್ತು. ಅಳಿಯ ಬಚ್ಚಲಿನಲ್ಲಿ ಬಿಸಿನೀರು ತಿರುಗಿಸಲು ಹೊರಟಾಗ ನನ್ನ ಹೆಂಡತಿ ಬಾಗಿಲಿನಾಚೆಯಿಂದಲೇ ಕೂಗಿದಳು, "ತಣ್ಣೀರು ಹಾಕಪ್ಪ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತೆ." ನೋಡಲಿಕ್ಕೆ ಮಾತ್ರ ಒಳಗೆ ಬರಲಿಲ್ಲ. ಎರಡು ಬಕೆಟ್ ತಣ್ಣೀರು, ಸ್ವಲ್ಪ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ಹಿತ್ತಿಲಿನ ಕಟಕಟೆಗೆ ತೂಗುಹಾಕಿದ ಚೀಲ ಒಣಗಲು ಎರಡು ದಿನ ಹಿಡಿಯಿತು.